ನಸುಕಿನ ಬಿಸಿ ಕೆಸರು: ಅಬಾನೋದಲ್ಲಿ ಮಂಡಿಗೆ ಮಣ್ಣಿನ ಚಿಕಿತ್ಸೆ

ಅಬಾನೋದಲ್ಲಿ ಡಾಕ್ಟರು ನೋಡದೆ ಯಾರ ಮೈಗೂ ಕೆಸರು ಹಚ್ಚುವುದಿಲ್ಲ. ಡಾಕ್ಟರು ಕೂರುವುದು ಚಿಕಿತ್ಸೆ ನಡೆಯುವ ಹೋಟೆಲಿನಲ್ಲೇ. ನನ್ನ ಬಿಪಿ ನೋಡಿದರು, ಇಸಿಜಿ ಮಾಡಿದರು, ಜೊತೆಗೆ ತಂದಿದ್ದ ಮಂಡಿಯ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹೃದಯದ ತೊಂದರೆ ಇದೆಯಾ? ಕಾಲಿನ ರಕ್ತನಾಳ ಊದಿಕೊಂಡು ನೋವು ಬಂದಿತ್ತಾ? ಈಚೆಗೆ ಜ್ವರ? ಮಂಡಿ ಈಗ ಕೆಂಪಗಾಗಿ ಮುಟ್ಟಿದರೆ ಸುಡುತ್ತಾ? ಯಾವುದಕ್ಕಾದರೂ ಹೌದು ಅಂದಿದ್ದರೆ ಅಲ್ಲಿಂದಲೇ ವಾಪಸ್. ನನ್ನದು ಬರೀ ಸವೆತ. ಎರಡೂ ಮಂಡಿಯಲ್ಲಿ ಇದೆ, ಎಡಗಡೆ ಸ್ವಲ್ಪ ಜಾಸ್ತಿ. ಹಾಗಾಗಿ ಪಾಸಾದೆ. ಡಾಕ್ಟರು ಒಂದು ಚೀಟಿ ತೆಗೆದು, ಅದರಲ್ಲಿ ಅಚ್ಚಾಗಿದ್ದ ಮನುಷ್ಯನ ಚಿತ್ರದ ಮೇಲೆ ಮಂಡಿ, ಸೊಂಟ, ಪಾದ ಇಷ್ಟಕ್ಕೆ ಪೆನ್ನಿನಿಂದ ಗೀಟು ಎಳೆದರು. ಪಕ್ಕದಲ್ಲಿ 40 ಡಿಗ್ರಿ, 15 ನಿಮಿಷ ಅಂತ ಬರೆದರು. ಎದೆಯ ಮೇಲೆ ಮಾತ್ರ ದೊಡ್ಡದಾಗಿ ಒಂದು ಕಾಟು. ಅಲ್ಲಿಗೆ ಕೆಸರು ಮೆತ್ತುವ ಹಾಗಿಲ್ಲ.

ಅಬಾನೋ ಇರುವುದು ಇಟಲಿಯ ಉತ್ತರದಲ್ಲಿ, ಪಾಡುವಾ ಊರಿನಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ. ಪಕ್ಕದಲ್ಲೇ ಯೂಗೇನಿಯನ್ ಬೆಟ್ಟಗಳು. ಯಾವುದೋ ಕಾಲದಲ್ಲಿ ಜ್ವಾಲಾಮುಖಿಗಳಾಗಿದ್ದ ಈ ಬೆಟ್ಟಗಳು ಈಗ ದ್ರಾಕ್ಷಿ ತೋಟ ಹೊದ್ದುಕೊಂಡು ಕೂತಿವೆ. ಮಗಳು ಪಾಡುವಾದಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದವಳನ್ನು ಅವಳೇ ಇಲ್ಲಿಗೆ ತಂದು ಸೇರಿಸಿದಳು. "ಅಮ್ಮಾ, ಎರಡು ಸಾವಿರ ವರ್ಷದಿಂದ ಜನ ಅಲ್ಲಿಗೆ ಹೋಗ್ತಿದ್ದಾರೆ, ನೀನೂ ಒಂದ್ಸಲ ಹೋಗಿ ಬಾ" ಅಂದಳು.

ಎರಡು ಸಾವಿರ ವರ್ಷ ಅನ್ನುವುದು ಜಾಹೀರಾತಿನ ಮಾತು ಅಂದುಕೊಂಡಿದ್ದೆ. ನಿಜವಂತೆ. ತಿಬೇರಿಯಸ್ ರೋಮಿನ ಚಕ್ರವರ್ತಿಯಾಗುವ ಮೊದಲು ಇಲ್ಲಿನ ಬುಗ್ಗೆಗೆ ಚಿನ್ನದ ದಾಳ ಎಸೆದು ಶಕುನ ಕೇಳಿದ್ದ, ಆ ದಾಳಗಳು ಇವತ್ತಿಗೂ ನೀರಿನ ತಳದಲ್ಲಿ ಕಾಣುತ್ತವೆ ಎಂದು ಚರಿತ್ರೆಕಾರ ಸುಯೆಟೋನಿಯಸ್ ಬರೆದಿಟ್ಟಿದ್ದಾನೆ. ಇವತ್ತಿಗೂ ಅಂದರೆ ಅವನ ಕಾಲಕ್ಕೆ, ಎರಡನೇ ಶತಮಾನಕ್ಕೆ. ನಾನು ಹುಡುಕಲು ಹೋಗಲಿಲ್ಲ.

ರೋಮನ್ನರು ಇಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ನೀರಿಗೆ. ಆದರೆ ಬುಗ್ಗೆಯ ಬುಡದ ಕೆಸರಿಗೂ ಗುಣ ಇದೆ ಅನ್ನುವುದು ಅವರಿಗೆ ಗೊತ್ತಿತ್ತು. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ: ಬುಗ್ಗೆಯ ಕೆಸರು ಒಳ್ಳೆಯದೇ, ಆದರೆ ಹಚ್ಚಿಕೊಂಡ ಮೇಲೆ ಬಿಸಿಲಲ್ಲಿ ಒಣಗಬೇಕು. ವೈದ್ಯ ಗೇಲನ್ ಅಲೆಕ್ಸಾಂಡ್ರಿಯಾದಲ್ಲಿ ಮೈ ಊದಿಕೊಂಡವರು ಈಜಿಪ್ಟಿನ ಮಣ್ಣು ಮೆತ್ತಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದ. ಆಗ ಮಣ್ಣಿಗೆ ಬಿಸಿ ಕೊಡುತ್ತಿದ್ದದ್ದು ಸೂರ್ಯ. ಅಬಾನೋದಲ್ಲಿ ನಾನು ಕಂಡದ್ದು ಅದಕ್ಕೆ ತೀರಾ ಉಲ್ಟಾ. ಇಲ್ಲಿ ಕೆಸರನ್ನು ಒಣಗಲು ಬಿಡುವುದೇ ಇಲ್ಲ, ಬಿಸಿಲು ಮೂಡುವ ಮೊದಲೇ ಎಲ್ಲಾ ಮುಗಿದಿರುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಹೋಟೆಲಿನ ಹಿಂದಿನ ತೊಟ್ಟಿಗಳು. ಕೆಸರು ಅಂದರೆ ಎಲ್ಲೋ ಅಗೆದು ತಂದು ಬಿಸಿ ಮಾಡಿ ಹಚ್ಚುತ್ತಾರೆ ಅಂತಲೇ ನಾವೆಲ್ಲ ತಿಳಿದಿರುವುದು, ಅಲ್ವಾ? ನನಗೆ ಕೆಸರು ಹಚ್ಚುತ್ತಿದ್ದ ಹೆಂಗಸು ಒಂದು ಮಧ್ಯಾಹ್ನ ಬಿಡುವಿದ್ದಾಗ ನನ್ನನ್ನೂ ಮಗಳನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಈ ಕೆಲಸ ಮಾಡುವ ಗಂಡಸರನ್ನು ಫಾಂಗೀನೋ, ಹೆಂಗಸರನ್ನು ಫಾಂಗೀನಾ ಅನ್ನುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಇಟಾಲಿಯನ್ ಬರುವುದಿಲ್ಲ. ಮಗಳು ನಡುವೆ ನಿಂತು ಇಬ್ಬರಿಗೂ ಹೇಳುತ್ತಿದ್ದಳು.

ಜೇಡಿಮಣ್ಣು ಬರುವುದು ಬೆಟ್ಟದ ನಡುವಿನ ಆರ್ಕ್ವಾ ಊರಿನ ಹತ್ತಿರದ ಒಂದು ಸಣ್ಣ ಕೆರೆಯಿಂದ. ಕವಿ ಪೆಟ್ರಾರ್ಕ್ ಕೊನೆಗಾಲ ಕಳೆದು, 1374ರಲ್ಲಿ ತೀರಿಕೊಂಡ ಊರು ಅದೇ. ಕೆರೆಯಿಂದ ಬಂದಾಗ ಮಣ್ಣು ಬೂದು ಬಣ್ಣ. ಅದನ್ನು ತೊಟ್ಟಿಗೆ ಹಾಕಿ, ಮೇಲೆ ಬುಗ್ಗೆಯ ಬಿಸಿನೀರನ್ನು ಹರಿಯಲು ಬಿಡುತ್ತಾರೆ. ಹಗಲು ರಾತ್ರಿ ಹರಿಯುತ್ತಲೇ ಇರಬೇಕು. ಹೀಗೆ ಎರಡು ತಿಂಗಳ ಹತ್ತಿರ. ಆ ನೀರಾದರೂ ಸಾಮಾನ್ಯದ್ದಲ್ಲ. ಉತ್ತರದ ಬೆಟ್ಟಗಳಲ್ಲಿ ಬಿದ್ದ ಮಳೆ ಎರಡು ಮೂರು ಕಿಲೋಮೀಟರ್ ಆಳಕ್ಕೆ ಇಳಿದು, ಬಹಳ ವರ್ಷ ನೆಲದೊಳಗೇ ಸಾಗಿ, ಉಪ್ಪು ಬ್ರೋಮಿನ್ ಅಯೋಡಿನ್ ಎಲ್ಲಾ ಹೀರಿಕೊಂಡು, ಇಲ್ಲಿ 80 ಡಿಗ್ರಿ ದಾಟಿದ ಬಿಸಿಯಲ್ಲಿ ಮೇಲೆ ಬರುತ್ತದೆ. ತೊಟ್ಟಿಯಲ್ಲಿ ಅದು ಸ್ವಲ್ಪ ಆರುತ್ತಾ ಹೋದ ಹಾಗೆ ಮಣ್ಣಿನ ಮೇಲೆ ಹಸಿರು ಪೊರೆ ಕಟ್ಟುತ್ತದೆ.

ಆ ಹೆಂಗಸು ಬಗ್ಗಿ ಬೆರಳಿನಲ್ಲಿ ಆ ಪೊರೆಯ ಒಂದು ಚೂರು ಎತ್ತಿ ನನ್ನ ಅಂಗೈಗೆ ಹಾಕಿದರು. ಲೋಳೆ ಲೋಳೆ. ಉಜ್ಜಿದರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಪೊರೆಯ ಕೆಳಗೆ ಮಣ್ಣು ಬೂದಿಯಿಂದ ಕಪ್ಪಿಗೆ ತಿರುಗಿತ್ತು. ಈ ಪಾಚಿ ಬಂದ ಮೇಲೇ ಅದು ಚಿಕಿತ್ಸೆಯ ಕೆಸರು, ಅಲ್ಲಿಯ ತನಕ ಬರೀ ಜೇಡಿಮಣ್ಣು. ಪಾಡುವಾ ವಿಶ್ವವಿದ್ಯಾಲಯದವರು ಈ ಪೊರೆಯಲ್ಲಿರುವ ಒಂದು ಸೂಕ್ಷ್ಮಜೀವಿಯನ್ನು ಬೇರೆ ಮಾಡಿ, ಅದರಿಂದ ಬರುವ ಜಿಡ್ಡಿಗೆ ಉರಿಯೂತ ತಗ್ಗಿಸುವ ಗುಣ ಇದೆ ಎಂದು ಲ್ಯಾಬಿನಲ್ಲಿ ತೋರಿಸಿದ್ದಾರೆ. ಲ್ಯಾಬಿನ ಮಾತು ನನ್ನ ಮಂಡಿಗೆ ಎಷ್ಟು ಸಲ್ಲುತ್ತದೋ ಅದು ಬೇರೆ ವಿಷಯ. ಆದರೆ ತೊಟ್ಟಿ ನೋಡಿದ ಮೇಲೆ ಕೆಸರಿನ ಬಗ್ಗೆ ನನಗಿದ್ದ ಸಸಾರ ಹೋಯಿತು. ಇದನ್ನು ಸಾಕಬೇಕು. ನೀರು ಜಾಸ್ತಿ ಬಿಸಿಯಾದರೆ ಪಾಚಿ ಸಾಯುತ್ತದೆ, ಕಮ್ಮಿಯಾದರೆ ಬೇರೆ ಏನೋ ಬೆಳೆಯುತ್ತದೆ. ಆಗಾಗ ಕದಡಬೇಕು. ಆ ಹೆಂಗಸಿನ ಅಪ್ಪನೂ ಇದೇ ಕೆಲಸದಲ್ಲಿದ್ದರಂತೆ. ಆಗ ಬಕೆಟ್ಟಿಗೆ ತುಂಬಿ, ಹೊತ್ತುಕೊಂಡೇ ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. "ಮಂಡಿನೋವು ವಾಸಿ ಮಾಡ್ತಾ ಮಾಡ್ತಾ ಅಪ್ಪನ ಸೊಂಟ ಹೋಯ್ತು" ಅಂತ ನಕ್ಕರು.

ಚಿಕಿತ್ಸೆಯ ಕರೆ ಬರುವುದು ನಸುಕಿನಲ್ಲಿ, ಐದು ಗಂಟೆಯ ಹೊತ್ತಿಗೆ. ಖಾಲಿ ಹೊಟ್ಟೆ. ರೂಮಿನಲ್ಲಿಟ್ಟಿರುವ ಬಿಳಿ ಗೌನು ಹಾಕಿಕೊಂಡು ಲಿಫ್ಟಿನಲ್ಲಿ ಕೆಳಗೆ ಇಳಿದರೆ ಎಲ್ಲರೂ ಅದೇ ವೇಷ. ಲಿಫ್ಟಿನಲ್ಲಿ ಯಾರೂ ಮಾತಾಡುವುದಿಲ್ಲ. ಕಾಗದದಂತಹ ಒಂದು ಒಳಚಡ್ಡಿ ಕೊಡುತ್ತಾರೆ, ಅದನ್ನು ಬಿಟ್ಟರೆ ಮೈಮೇಲೆ ಏನೂ ಇಲ್ಲ. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ಅಂದುಕೊಂಡೆ. ಹೆಂಗಸರಿಗೆ ಹೆಂಗಸರೇ ಹಚ್ಚುತ್ತಾರೆ ಅನ್ನುವುದು ಗೊತ್ತಿದ್ದರಿಂದ ಒಪ್ಪಿದ್ದೆ, ಇಲ್ಲದಿದ್ದರೆ ಮಗಳು ಎಷ್ಟು ಹೇಳಿದರೂ ಹೋಗುತ್ತಿರಲಿಲ್ಲ.

ಸಣ್ಣ ಕೋಣೆ, ಗೋಡೆಗೆಲ್ಲ ಟೈಲ್ಸ್, ನಡುವೆ ಒಂದು ಮಂಚ. ಮಂಚದ ಮೇಲೆ ದಪ್ಪ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಒರಟು ಬಟ್ಟೆ. ಬಕೆಟ್ಟಿನಲ್ಲಿ ಹೊಗೆಯಾಡುವ ಕೆಸರು. ಫಾಂಗೀನಾ ಥರ್ಮಾಮೀಟರ್ ಅದ್ದಿ ನೋಡಿದರು. ಆಮೇಲೆ ಅದನ್ನು ನಂಬದವರ ಹಾಗೆ ತಮ್ಮ ಮೊಣಕೈಯಿಂದ ಒಂದು ಸಲ ಮುಟ್ಟಿ ನೋಡಿದರು. ಒಪ್ಪಿಗೆಯಾದ ಮೇಲೆ ಎರಡು ಕೈಯಲ್ಲಿ ಬಾಚಿ ಬಾಚಿ ಬಟ್ಟೆಯ ಮೇಲೆ ಗೇಣುದ್ದ ಅಗಲಕ್ಕೆ ದಪ್ಪಗೆ ಹರಡಿದರು. ಸೊಂಟ ಬರುವ ಜಾಗ, ಮಂಡಿ ಬರುವ ಜಾಗ, ಪಾದ ಬರುವ ಜಾಗ. ನಾನು ಇನ್ನೂ ನಿಂತೇ ಇದ್ದೆ, ನನ್ನ ಅಳತೆ ಅವರ ಕಣ್ಣಿಗೆ ಸಿಕ್ಕಾಗಿತ್ತು. ಮೊದಲು ಕೂರಬೇಕು, ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಬೇಕು. ಸೊಂಟ ತಗುಲಿದ ಕ್ಷಣ "ಅಯ್ಯಮ್ಮಾ" ಅಂದೆ. ಅವರಿಗೆ ಅರ್ಥವಾಯಿತು. "ಪಿಯಾನೋ, ಪಿಯಾನೋ" ಅಂದರು. ನಿಧಾನ, ನಿಧಾನ. ಮಲಗಿದ ಮೇಲೆ ಮಂಡಿಯ ಮೇಲ್ಭಾಗಕ್ಕೂ ಮೆತ್ತಿ, ಬಟ್ಟೆ, ಪ್ಲಾಸ್ಟಿಕ್ಕು, ಹೊದಿಕೆ ಎಲ್ಲವನ್ನೂ ಎರಡು ಕಡೆಯಿಂದ ಎಳೆದು ಬಿಗಿಯಾಗಿ ಸುತ್ತಿದರು. ಕೈಗೆಟಕುವ ಹಾಗೆ ಕರೆಗಂಟೆಯ ದಾರ ಬಿಟ್ಟು ಹೋದರು.

ಆಗ ಗೊತ್ತಾಗುವುದು ಭಾರ. ಕೆಸರಿನ ಬಿಸಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದರ ತೂಕದ ಬಗ್ಗೆ ಯಾರೂ ಹೇಳಿರಲಿಲ್ಲ. ಕಾಲು ಎತ್ತೋಣ ಅಂದರೆ ಬರುವುದಿಲ್ಲ. ಕೆರೆಯಲ್ಲಿ ಮಲಗಿದ ಎಮ್ಮೆ ಯಾಕೆ ಕರೆದರೂ ಏಳುವುದಿಲ್ಲ ಅನ್ನುವುದು ನನಗೆ ಆವತ್ತು ಅರ್ಥವಾಯಿತು. ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ಬೆವರು. ಆಮೇಲೆ ಕಿವಿಯ ಹಿಂದೆ, ಕತ್ತಿನಲ್ಲಿ. ಎದೆ ಹೊಡೆದುಕೊಳ್ಳುವುದು ಕಿವಿಗೇ ಕೇಳಿಸುತ್ತಿತ್ತು. ಎದೆಗೆ ಯಾಕೆ ಕಾಟು ಹಾಕಿದರು ಅನ್ನುವುದು ಡಾಕ್ಟರು ಹೇಳದೆಯೇ ತಿಳಿಯಿತು.

ಒಂದು ಸಲ ಸುಮ್ನೆ ಇರಲಾರದೆ ಎಡಗಾಲು ಚೂರು ಅಲ್ಲಾಡಿಸಿದೆ. ಚುರ್ ಅಂತು. ಇದರ ಕಾರಣವನ್ನು ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. 42 ಡಿಗ್ರಿಯ ನೀರಿನಲ್ಲಿ ಮಲಗುವುದು ಕಷ್ಟ. ಯಾಕೆಂದರೆ ನೀರು ಓಡಾಡುತ್ತದೆ, ಚರ್ಮಕ್ಕೆ ತಾಗಿ ಆರಿದ ನೀರು ಆಚೆ ಹೋಗಿ ಹೊಸ ಬಿಸಿನೀರು ಬಂದು ತಾಗುತ್ತಲೇ ಇರುತ್ತದೆ. ಕೆಸರು ಹಾಗಲ್ಲ, ಹಾಕಿದಲ್ಲೇ ಕೂರುತ್ತದೆ. ಮೈಗೆ ಅಂಟಿದ ತೆಳು ಪದರ ಬೇಗ ಮೈಬಿಸಿಗೆ ಇಳಿಯುತ್ತದೆ, ಹಿಂದಿನ ಬಿಸಿ ಆ ಪದರ ದಾಟಿ ನಿಧಾನವಾಗಿ ಬರುತ್ತದೆ. ಅದಕ್ಕೇ ಅಷ್ಟು ಬಿಸಿಯನ್ನು ಅಷ್ಟು ಹೊತ್ತು ತಡೆಯಬಹುದು. ಅಲ್ಲಾಡಿದರೆ ಆ ಪದರ ಕಿತ್ತುಹೋಗುತ್ತದೆ. ಮಣ್ಣಿನ ಚಿಕಿತ್ಸೆಯ ಗುಟ್ಟಿನಲ್ಲಿ ಮುಕ್ಕಾಲು ಪಾಲು ಇದೇ ಅನ್ನುವುದು ನನ್ನ ತೀರ್ಮಾನ: ಒಂದು ಕೀಲಿಗೆ ಸುಡದ ಹಾಗೆ, ಆರದ ಹಾಗೆ, ಬಹಳ ಹೊತ್ತು ಬಿಸಿ ಕೊಡುವುದು ಹೇಗೆ? ಚರಿತ್ರೆಯುದ್ದಕ್ಕೂ ಬೇರೆ ಬೇರೆ ಊರಿನವರು ಈ ಒಂದೇ ಪ್ರಶ್ನೆಗೆ ಬೇರೆ ಬೇರೆ ಉಪಾಯ ಹುಡುಕಿದ್ದಾರೆ.

ಅಂತಹ ಒಂದು ಉಪಾಯವನ್ನು ಇಲ್ಲೇ ಪಕ್ಕದ ಬತ್ತಾಲ್ಯದಲ್ಲಿ ಫ್ರೆಂಚ್ ಲೇಖಕ ಮೊಂತೇನ್ ನೋಡಿದ್ದ. ಮೂತ್ರಪಿಂಡದ ಕಲ್ಲಿನಿಂದ ಒದ್ದಾಡುತ್ತಿದ್ದ ಅವನು 1580ರಲ್ಲಿ ಯುರೋಪಿನ ಬಿಸಿನೀರಿನ ಊರುಗಳನ್ನೆಲ್ಲ ಸುತ್ತುತ್ತಾ ಬಂದಿದ್ದ. ಅವನ ದಿನಚರಿಯಲ್ಲಿ ಈ ವಿವರ ಇದೆ. ಮನೆಯ ಕೆಳಗಿನ ದೊಡ್ಡ ಹೊಂಡದಿಂದ ಕೆಸರು ಮೊಗೆದು ತರುತ್ತಾರೆ. ಕಾಲಿಗೆ, ತೋಳಿಗೆ, ತೊಡೆಗೆ ಒಂದೊಂದು ಅಳತೆಯ ಮರದ ಪೆಟ್ಟಿಗೆಗಳಿವೆ. ನೋವಿರುವ ಅಂಗವನ್ನು ಅದರೊಳಗೆ ಇಟ್ಟು, ಕೆಸರು ತುಂಬಿ ಮುಚ್ಚುತ್ತಾರೆ, ಆರಿದರೆ ಬದಲಾಯಿಸುತ್ತಾರೆ. ಕೆಸರು ಫ್ರಾನ್ಸಿನಲ್ಲಿ ತಮ್ಮ ಕಡೆಯ ಬಾರ್ಬೊತಾನ್ ಊರಿನ ಕೆಸರಿನಷ್ಟೇ ಕಪ್ಪು, ಆದರೆ ಅಷ್ಟು ತರಿತರಿ ಇಲ್ಲ, ಜಿಡ್ಡು ಜಾಸ್ತಿ, ಹದವಾದ ಬಿಸಿ, ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ನನ್ನ ಮೂಗಿಗೂ ಹಾಗೇ ಅನ್ನಿಸಿತ್ತು. ಮುಟ್ಟಿ, ಮೂಸಿ, ಹೋಲಿಸಿ ಬರೆದವನ ಮಾತು ನಾಲ್ಕು ಶತಮಾನ ಕಳೆದರೂ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಬತ್ತಾಲ್ಯದ ಮರದ ಪೆಟ್ಟಿಗೆಯ ಕೆಲಸವನ್ನೇ ನನಗೆ ಆ ಪ್ಲಾಸ್ಟಿಕ್ಕು, ಹೊದಿಕೆಗಳು ಮಾಡಿದ್ದು.

ಹದಿನೈದು ನಿಮಿಷಕ್ಕೆ ಫಾಂಗೀನಾ ಬಂದು ಹೊದಿಕೆ ಬಿಚ್ಚಿದರು. ಅಷ್ಟರಲ್ಲಿ ಎರಡು ಸಲ ಬಂದು ಒದ್ದೆ ಬಟ್ಟೆಯಲ್ಲಿ ಹಣೆ ಒರೆಸಿ ಹೋಗಿದ್ದರು. ಕೈಯಲ್ಲೇ ಕೆಸರು ಬಳಿದು ತೆಗೆದು, ಪೈಪಿನ ನೀರು ಬಿಟ್ಟು ತೊಳೆದು, ಪಕ್ಕದ ಟಬ್ಬಿಗೆ ಇಳಿಸಿದರು. ಅದೂ ಬುಗ್ಗೆಯ ನೀರೇ, ಮೈಬಿಸಿಗೆ ಆರಿಸಿದ್ದು. ಕೆಳಗಿನಿಂದ ಗುಳ್ಳೆ ಬಿಡುತ್ತಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಆರನೇ ಶತಮಾನದ ಆರಂಭದಲ್ಲಿ ದೊರೆ ಥಿಯೊಡೊರಿಕ್ ಅಬಾನೋದ ಹಾಳಾದ ಸ್ನಾನದ ಮನೆಗಳನ್ನು ರಿಪೇರಿ ಮಾಡಿಸಲು ಹೊರಡಿಸಿದ ಪತ್ರ ಈಗಲೂ ಉಳಿದಿದೆ. ಅದನ್ನು ಬರೆದವನು ಅವನ ಮಂತ್ರಿ ಕಾಸಿಯೊಡೋರಸ್. ಗಂಡಸರು ಮೀಯುವ ನೀರಿಗೆ ಹೆಂಗಸು ಇಳಿದರೆ ನೀರು ಕೊತಕೊತ ಕುದಿಯುತ್ತದೆ ಎಂದು ಅವನು ಅದರಲ್ಲಿ ಸೇರಿಸಿದ್ದಾನೆ. ನಾನು ಇಳಿದಾಗ ಏನೂ ಆಗಲಿಲ್ಲ. ಗುಳ್ಳೆ ಬಂದದ್ದು ಮೋಟಾರಿನಿಂದ.

ಸ್ನಾನ ಆದ ಮೇಲೆ ಬಿಸಿ ಟವೆಲಿನಲ್ಲಿ ಸುತ್ತಿ ಮಲಗಿಸುತ್ತಾರೆ. ಕೆಸರಿನಲ್ಲಿ ಬಂದದ್ದಕ್ಕಿಂತ ಜಾಸ್ತಿ ಬೆವರು ಬರುವುದು ಈಗ. ಇದನ್ನು ತಪ್ಪಿಸಿ ಎದ್ದು ಓಡಿಹೋದರೆ ಚಿಕಿತ್ಸೆಯೇ ಅಲ್ಲ ಅನ್ನುತ್ತಾರೆ ಅವರು. ಆಮೇಲೆ ಮಸಾಜು, ಆಮೇಲೆ ತಿಂಡಿ. ಇಷ್ಟಾದರೂ ಹೊರಗೆ ಆಗ ತಾನೇ ಬೆಳಕಾಗಿರುತ್ತದೆ. ಇಡೀ ದಿನ ಮುಂದಿದೆ, ಆದರೆ ಯಾವ ಕೆಲಸಕ್ಕೂ ಮೈ ಏಳುವುದಿಲ್ಲ.

ನಾಲ್ಕೈದು ಸಲ ಆದ ಮೇಲೆ ನನಗೆ ನೋವು ಕಮ್ಮಿಯಾಗುವ ಬದಲು ಏರಿತು. ಮಂಡಿ ಬಿಗಿದುಕೊಂಡಿತು, ಮೈ ಕೈ ಭಾರ, ಯಾರು ಮಾತಾಡಿಸಿದರೂ ರೇಗುವ ಹಾಗಾಯಿತು. ಮಗಳಿಗೆ ಫೋನ್ ಮಾಡಿ "ಇದೇನೇ, ಇದ್ದ ಮಂಡಿಯನ್ನೂ ಕಳಕೊಂಡೆ" ಅಂದೆ. ಡಾಕ್ಟರಿಗೆ ಏನೂ ಆಶ್ಚರ್ಯವಿಲ್ಲ. ಬಹಳ ಜನರಿಗೆ ನಡುವೆ ಹೀಗಾಗುತ್ತದಂತೆ. ಒಂದು ದಿನ ಕೆಸರು ನಿಲ್ಲಿಸಿ, ಆಮೇಲೆ ಬಿಸಿ ಸ್ವಲ್ಪ ಇಳಿಸಿದರು. ಎರಡು ದಿನಕ್ಕೆ ಸರಿಹೋಯಿತು. ಮುಂಚೆಯೇ ಒಂದು ಮಾತು ಹೇಳಿದ್ದರೆ ಆ ರಾತ್ರಿ ನಿದ್ದೆಗೆಡುತ್ತಿರಲಿಲ್ಲ. ಹೋಗುವವರು ಇದೊಂದು ತಿಳಿದುಕೊಂಡು ಹೋಗುವುದು ಒಳ್ಳೆಯದು.

ಮಧ್ಯಾಹ್ನಗಳಲ್ಲಿ ಓದುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಓದುತ್ತಾ ಹೋದರೆ ಯುರೋಪಿನ ತುಂಬಾ ಕೆಸರಿನ ಊರುಗಳು. 19ನೇ ಶತಮಾನದ ಆರಂಭದಲ್ಲಿ ಎಲ್ಲಾ ಕಡೆ ಒಟ್ಟಿಗೇ ಎದ್ದ ಹಾಗೆ ಕಾಣುತ್ತದೆ. ಬಾಲ್ಟಿಕ್ ಸಮುದ್ರದ ದಡದ ಹಾಪ್ಸಲುವಿನಲ್ಲಿ, ಈಗಿನ ಎಸ್ಟೋನಿಯಾದಲ್ಲಿ, ಊರಿನವರು ಕಾಲುನೋವಿಗೆ ಕಡಲ ಕೆಸರು ಬಳಸುವುದನ್ನು ಅಲ್ಲಿನ ವೈದ್ಯ ಕಾರ್ಲ್ ಹುನ್ನಿಯಸ್ ಗಮನಿಸಿ 1825ರಲ್ಲಿ ಚಿಕಿತ್ಸೆಯ ಮನೆಯನ್ನೇ ತೆರೆದ. ಸಂಗೀತಗಾರ ಚೈಕೊವ್‌ಸ್ಕಿ 1867ರ ಬೇಸಿಗೆ ಕಳೆದದ್ದು ಅದೇ ಊರಿನಲ್ಲಿ. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಕ್ರಿಮಿಯಾದ ಸಾಕಿಯಲ್ಲಿ ಉಪ್ಪುಕೆರೆಯ ಕಪ್ಪು ಕೆಸರನ್ನು ನೆಲದ ಮೇಲೆ ಹರಡಿ, ಬಿಸಿಲಲ್ಲಿ ಕಾಯಿಸಿ, ಅದರ ಮೇಲೆ ರೋಗಿಯನ್ನು ಮಲಗಿಸುತ್ತಿದ್ದರು. ಪ್ಲಿನಿಯ ಬಿಸಿಲು ಅಲ್ಲಿ ಉಳಿದುಕೊಂಡಿತ್ತು. ಬರಹಗಾರ ಗೊಗೊಲ್ 1835ರಲ್ಲಿ ಅಲ್ಲಿಗೆ ಹೋಗಿದ್ದ.

ಬೊಹೀಮಿಯಾದ, ಅಂದರೆ ಈಗಿನ ಚೆಕ್ ದೇಶದ, ಫ್ರಾಂತಿಷ್ಕೊವಿ ಲಾಜ್ನೆ ಊರಿನದ್ದು ಬೇರೆಯೇ ಉಪಾಯ. 1793ರಲ್ಲಿ ಹುಟ್ಟಿದ ಈ ಊರಿನ ಸುತ್ತ ಕೊಳೆತ ಸಸ್ಯಗಳಿಂದಾದ ಜೌಗುಮಣ್ಣು, ಕಬ್ಬಿಣ ಗಂಧಕ ಬೆರೆತದ್ದು. ಅದನ್ನು ಅಗೆದು, ಗಾಳಿಗೆ ಹರಡಿ, ಪುಡಿ ಮಾಡಿ, ಬುಗ್ಗೆಯ ನೀರಿನಲ್ಲಿ ಕಲಸಿ ಮರದ ಟಬ್ಬುಗಳಿಗೆ ತುಂಬುತ್ತಿದ್ದರು. ಟಬ್ಬುಗಳಿಗೆ ಚಕ್ರ. ತುಂಬಿದ ಟಬ್ಬನ್ನು ರೋಗಿಯ ಕೋಣೆಗೆ ತಳ್ಳಿಕೊಂಡು ಬಂದು, ಮುಗಿದ ಮೇಲೆ ಹೊರಗೆ ತಳ್ಳಿಕೊಂಡು ಹೋಗುವುದು. ಅಬಾನೋದ ಫಾಂಗೀನಾ ಅವರ ಅಪ್ಪನ ಸೊಂಟ ನೆನಪಾಯಿತು, ಅವರಿಗೂ ಒಂದು ಚಕ್ರ ಇದ್ದಿದ್ದರೆ. ಮಕ್ಕಳಾಗದ ಹೆಂಗಸರು ಈ ಊರಿಗೆ ಹರಕೆ ಹೊತ್ತವರ ಹಾಗೆ ಬರುತ್ತಿದ್ದರು. ಅಲ್ಲಿರುವ ಪುಟ್ಟ ಹುಡುಗನ ಕಂಚಿನ ಮೂರ್ತಿಯನ್ನು ಮುಟ್ಟಿದರೆ ಮಕ್ಕಳಾಗುತ್ತವೆ ಅನ್ನುವ ನಂಬಿಕೆ ಈಗಲೂ ಇದೆ. ಸ್ಲೊವಾಕಿಯಾದ ಪಿಯೆಷ್ಟಾನಿಯಲ್ಲೂ ಒಂದು ಮೂರ್ತಿ ಇದೆ, 1933ರದ್ದು. ಊರುಗೋಲನ್ನು ತೊಡೆಗೆ ಕೊಟ್ಟು ಲಟಕ್ಕನೆ ಮುರಿಯುತ್ತಿರುವ ಗಂಡಸು. ಚಿತ್ರ ನೋಡಿದರೆ ನನಗೇ ಖುಷಿಯಾಗುತ್ತದೆ. ಆದರೆ ಸವೆದ ಕೀಲು ಯಾವ ಕೆಸರಿನಿಂದಲೂ ಹೊಸದಾಗಿ ಬೆಳೆಯುವುದಿಲ್ಲ. ಆ ಮೂರ್ತಿ ಹೇಳುವುದು ಜಾಸ್ತಿ ಆಯಿತು.

ಹಾಗಾದರೆ ನಾವು ಪ್ರಕೃತಿ ಚಿಕಿತ್ಸೆಯ ಜಾಗಗಳಲ್ಲಿ ಹೊಟ್ಟೆಯ ಮೇಲೆ, ಕಣ್ಣಿನ ಮೇಲೆ ಇಟ್ಟುಕೊಳ್ಳುವ ತಣ್ಣನೆಯ ಮಣ್ಣಿನ ಪಟ್ಟಿ ಎಲ್ಲಿಂದ ಬಂತು? ನಾನೂ ಹಿಂದೊಮ್ಮೆ ಅದನ್ನು ಮಾಡಿಸಿಕೊಂಡಿದ್ದೆ. ಇದೂ ಅದೂ ಒಂದೇ ಅಂತಿದ್ದೆ. ಅದರ ಬೇರು ಬೇರೆ. ಜರ್ಮನಿಯ ಅಡಾಲ್ಫ್ ಜುಸ್ಟ್ ಎಂಬ ವೈದ್ಯನಲ್ಲದ ಮನುಷ್ಯ 1896ರಲ್ಲಿ ಹಾರ್ಟ್ಸ್ ಬೆಟ್ಟದ ಬುಡದಲ್ಲಿ ಯುಂಗ್‌ಬೋರ್ನ್ ಎಂಬ ಆರೋಗ್ಯಧಾಮ ಶುರು ಮಾಡಿದ. ಅಲ್ಲಿ ಬುಗ್ಗೆ ಇಲ್ಲ, ಪಾಚಿ ಇಲ್ಲ, ಅರಮನೆಯಂತಹ ಹೋಟೆಲ್ ಇಲ್ಲ. ಗಾಳಿ, ಬಿಸಿಲು, ತಣ್ಣೀರು, ಬರಿ ಮಣ್ಣು. ಪಾದ್ರಿ ಎಮಾನ್ಯುಯೆಲ್ ಫೆಲ್ಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲದಲ್ಲಿ ಗುಂಡಿ ತೋಡಿಸಿ, ಜೇಡಿ ಕಲಸಿ, ಜನರನ್ನು ಅದರೊಳಗೇ ಮಲಗಿಸುತ್ತಿದ್ದ. ಯುಂಗ್‌ಬೋರ್ನ್‌ನಲ್ಲಿ ಬಹಳ ಜನ ಬಟ್ಟೆಯಿಲ್ಲದೆ ಓಡಾಡುತ್ತಿದ್ದರು. 1912ರ ಜುಲೈನಲ್ಲಿ ಅಲ್ಲಿಗೆ ಹೋದ ಲೇಖಕ ಕಾಫ್ಕಾ ಮಾತ್ರ ಈಜುಚಡ್ಡಿ ಬಿಚ್ಚಲಿಲ್ಲ, ಚಡ್ಡಿಯವನು ಅಂತಲೇ ಹೆಸರಾದ. ಕಾಗದದ ಒಳಚಡ್ಡಿಯಲ್ಲಿ ಮುದುಡಿ ನಿಂತಿದ್ದ ನನಗೆ ಅವನ ಮೇಲೆ ವಿಶೇಷ ಮಮತೆ ಬಂತು.

ಜುಸ್ಟ್ ಬರೆದದ್ದನ್ನು ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ ಓದಿದರು. ಅವರಿಗೆ ಮಲಬದ್ಧತೆಯ ಕಾಟ ಇತ್ತು. ಒಳ್ಳೆಯ ಮಣ್ಣನ್ನು ತಣ್ಣೀರಿನಲ್ಲಿ ಕಲಸಿ, ತೆಳು ಬಟ್ಟೆಯ ಮೇಲೆ ಹರಡಿ, ರಾತ್ರಿ ಹೊಟ್ಟೆಗೆ ಕಟ್ಟಿಕೊಂಡು ಮಲಗುತ್ತಿದ್ದರು. ಅದರಿಂದ ಗುಣವಾಯಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂದೆ 1946ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಅವರು ಪ್ರಕೃತಿ ಚಿಕಿತ್ಸೆಯ ಆಶ್ರಮ ಶುರು ಮಾಡಿದರು. ಹೋಟೆಲೂ ಬೇಡ, ಬುಗ್ಗೆಯೂ ಬೇಡ, ಬಡವನಿಗೂ ಸಿಗುವ ಮಣ್ಣು ಸಾಕು ಅನ್ನುವುದು ಅವರಿಗೆ ಇದರಲ್ಲಿ ಹಿಡಿಸಿದ್ದು. ತಣ್ಣನೆಯ ಪಟ್ಟಿ ಮೈಯ ಬಿಸಿ ಹೀರುತ್ತದೆ, ಅಬಾನೋದ ಕೆಸರು ಮೈಗೆ ಬಿಸಿ ತುಂಬುತ್ತದೆ. ಎರಡಕ್ಕೂ ಮಣ್ಣಿನ ಚಿಕಿತ್ಸೆ ಅಂತ ಒಂದೇ ಬೋರ್ಡು ಹಾಕುವುದರಿಂದ ಬಹಳ ಗೊಂದಲವಾಗಿದೆ. ಮಂಡಿ ಸವೆತಕ್ಕೆ ಬೇಕಿರುವುದು ಯಾವುದು ಎಂದು ಕೇಳಿಯೇ ಮಲಗಬೇಕು.

ಇನ್ನೊಂದು ಗೊಂದಲವನ್ನು ನಾನು ನೇರವಾಗಿ ಡಾಕ್ಟರ ಮುಂದೆ ಇಟ್ಟೆ. ಮಣ್ಣು ಮೈಯೊಳಗಿನ ವಿಷವನ್ನೆಲ್ಲ ಎಳೆದು ಹಾಕುತ್ತದಂತೆ, ಹೌದಾ? ಮಗಳು ಅದನ್ನು ಇಟಾಲಿಯನ್ನಿನಲ್ಲಿ ಹೇಳುವ ಮೊದಲೇ ನಗಲು ಶುರು ಮಾಡಿದಳು. ಡಾಕ್ಟರು ನಗಲಿಲ್ಲ. ಆ ಕೆಲಸಕ್ಕೆ ಮೂತ್ರಪಿಂಡ ಮತ್ತು ಲಿವರ್ ಇವೆ ಅಂದರು. ಬಿಸಿಯಿಂದ ರಕ್ತ ಚೆನ್ನಾಗಿ ಓಡುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ತಿಳಿಸುವ ನರಗಳು ಸ್ವಲ್ಪ ಸುಮ್ಮನಾಗುತ್ತವೆ. ಕೆಸರಿನ ಜಿಡ್ಡಿನಿಂದ ಅದಕ್ಕಿಂತ ಜಾಸ್ತಿ ಏನಾದರೂ ಆಗುತ್ತದಾ ಅನ್ನುವುದನ್ನು ಅಳೆಯುವುದು ಕಷ್ಟ. ಗುಳಿಗೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ರೋಗಿಗೆ ಗೊತ್ತಾಗದ ಹಾಗೆ ಸುಳ್ಳು ಕೆಸರು ಹಚ್ಚುವುದು ಹೇಗೆ? ಜೊತೆಗೆ ಇಲ್ಲಿಗೆ ಬಂದವರು ಕೆಲಸ ಬಿಟ್ಟಿರುತ್ತಾರೆ, ಅಡುಗೆ ಮಾಡುವುದಿಲ್ಲ, ಚೆನ್ನಾಗಿ ನಿದ್ದೆ ಮಾಡುತ್ತಾರೆ. ಅದರ ಪಾಲು ಎಷ್ಟು ಅಂತ ತೆಗೆದು ಬದಿಗಿಡುವುದು ಹೇಗೆ? ಅಡುಗೆ ಮಾಡುವುದಿಲ್ಲ ಅನ್ನುವ ಮಾತಿಗೆ ನಾನು ಜೋರಾಗಿ ತಲೆಯಾಡಿಸಿದೆ.

ಎರಡನೇ ಮಹಾಯುದ್ಧದ ನಂತರ ಹೊಸ ಹೊಸ ನೋವಿನ ಗುಳಿಗೆ, ಸ್ಟೆರಾಯ್ಡ್ ಇಂಜೆಕ್ಷನ್ ಬಂದ ಮೇಲೂ ಈ ಊರುಗಳು ಉಳಿದುಕೊಂಡದ್ದಕ್ಕೆ ಒಂದು ದೊಡ್ಡ ಕಾರಣ ಸರ್ಕಾರದ ದುಡ್ಡು. ಇಟಲಿಯಲ್ಲಿ ಡಾಕ್ಟರು ಬರೆದುಕೊಟ್ಟರೆ ವರ್ಷಕ್ಕೊಂದು ಸಲ 12 ಕೆಸರಿನ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ಸೇವೆ ನೆರವು ಕೊಡುತ್ತದೆ. ನಸುಕಿನ ಲಿಫ್ಟಿನಲ್ಲಿ ನನ್ನ ಜೊತೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ಹೀಗೆ ಬಂದ ಪಿಂಚಣಿದಾರರು. ವರ್ಷ ವರ್ಷ ಬರುತ್ತಾರಂತೆ, ಅದೇ ಹೋಟೆಲು, ಅದೇ ಫಾಂಗೀನಾ ಬೇಕು ಅಂತ ಹಟ ಹಿಡಿಯುತ್ತಾರಂತೆ. ನನ್ನಂತಹ ಹೊರಗಿನವರು ಪೂರ್ತಿ ಕೈಯಿಂದಲೇ ಕೊಡಬೇಕು.

ಹೊರಡುವ ದಿನ ಡಾಕ್ಟರು ಮಂಡಿ ಮಡಚಿಸಿ ನೋಡಿ ಚೀಟಿಯಲ್ಲಿ ಏನೋ ಬರೆದರು. ಒಂದು ವಾರ ಬಿಸಿಲಲ್ಲಿ ತಿರುಗಬೇಡಿ, ಜಾಸ್ತಿ ನಡೆಯಬೇಡಿ, ತೊಡೆಯ ವ್ಯಾಯಾಮ ಮಾತ್ರ ಬಿಡಬೇಡಿ, ಪೂರ್ತಿ ಗುಣ ತಿಳಿಯುವುದು ಕೆಲವು ವಾರ ಕಳೆದ ಮೇಲೆ ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಮಗಳ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಬಂದ ಹೊಸತರಲ್ಲಿ ಪ್ರತಿ ಮಹಡಿಗೂ ನಿಲ್ಲುತ್ತಿದ್ದೆ. ಈಗ ಹತ್ತುವುದು ಒಂದೇ ಉಸಿರಿಗೆ ಆಗುತ್ತದೆ. ಇಳಿಯುವಾಗ ಎಡ ಮಂಡಿ ಇನ್ನೂ ಹಿಡಿಯುತ್ತದೆ, ಕಂಬಿ ಹಿಡಿದೇ ಇಳಿಯುತ್ತೇನೆ. ದಿನಾ ನುಂಗುತ್ತಿದ್ದ ನೋವಿನ ಗುಳಿಗೆ ವಾರಕ್ಕೊಂದಕ್ಕೆ ಇಳಿದಿದೆ. ವ್ಯಾಯಾಮ ಬಿಟ್ಟ ವಾರ ಎರಡಾಗುತ್ತದೆ.